ಟೈಲರಕ್ಕನ ಎಂಟಡಿ ಮೇಜು

ಟೈಲರಕ್ಕನ ಮಂಡಿಗಳು ಮುಷ್ಕರ ಹೂಡಿ ಎರಡು ತಿಂಗಳಾಗಿತ್ತು. ಇಪ್ಪತ್ತು ವರ್ಷ ನೆಲದ ಮೇಲೇ ಬಟ್ಟೆ ಹರಡಿ, ಮಂಡಿಯೂರಿ, ಕತ್ತರಿ ಆಡಿಸಿದವಳು ಆಕೆ. ಬೀದಿಯ ಅರ್ಧ ಜನರ ಮೈಮೇಲಿನ ಬಟ್ಟೆ ಆ ಮಹಡಿ ಮನೆಯ ನೆಲದ ಮೇಲೆ ಕತ್ತರಿಸಿದ್ದೇ. ಈಗ ಕೂತರೆ ಏಳುವುದಕ್ಕೆ ಗೋಡೆ ಬೇಕು, ಎದ್ದರೆ ಕೂರುವುದಕ್ಕೆ ಧೈರ್ಯ ಬೇಕು. "ಇನ್ನು ನೆಲಕ್ಕೆ ಮಂಡಿ ಊರಿದ್ರೆ ನನ್ನ ಹತ್ರ ಬರಲೇಬೇಡಿ" ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು.

ಅಂಥ ಹೊತ್ತಿನಲ್ಲೇ ನಾಟಕದ ತಂಡದವರು ಬಂದು ರಂಗದ ಪರದೆ ಹೊಲಿದುಕೊಡಿ ಎಂದರು. ಕೆಂಪು ಮಖಮಲ್ಲು, ಇಪ್ಪತ್ತೆರಡು ಅಡಿ ಅಗಲ. ಅಷ್ಟು ದೊಡ್ಡ ಬಟ್ಟೆಯನ್ನು ಆಕೆ ಜೀವಮಾನದಲ್ಲಿ ಮುಟ್ಟಿರಲಿಲ್ಲ. ಆಸೆಗೆ ಬಿದ್ದು ಹೂಂ ಎಂದಳು. ಹೂಂ ಎಂದ ಮೇಲೆ ಮಂಡಿಯ ನೆನಪಾಯಿತು. ನಿಂತು ಕತ್ತರಿಸಲು ಉದ್ದನೆಯ ಮೇಜೊಂದು ಬೇಕೆಂದು ಬಡಗಿಗೆ ಹೇಳಿದಳು. ಬಡಗಿ ಒಳ್ಳೆಯವನೇ, ಆದರೆ ಅವನ 'ನಾಳೆ'ಗೆ ಬಾಲ ಬಹಳ ಉದ್ದ. ಮೂರು ವಾರ ನಾಳೆ, ನಾಳೆ ಎಂದವನು ನಾಲ್ಕನೇ ವಾರ ಫೋನ್ ಎತ್ತುವುದನ್ನೇ ಬಿಟ್ಟ.

ಪರದೆ ಕೊಡಬೇಕಾದ ದಿನಕ್ಕೆ ಹದಿನೈದು ದಿನ ಉಳಿದಿತ್ತು. ಭಾನುವಾರ ಬೆಳಿಗ್ಗೆ ಆಕೆ ಫೋನನ್ನು ಹೊಲಿಗೆ ಮಿಷನ್ನಿನ ಮೇಲೆ ಕುಕ್ಕಿ, "ನಾನೇ ಮಾಡ್ತೀನಿ" ಎಂದಳು.

"ಏನನ್ನ?" ಎಂದ ಗಂಡ. ಆತ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವನು. ಹನಿ ಲೆಕ್ಕದಲ್ಲಿ ಬದುಕುವ ಮನುಷ್ಯ. ಕಾಫಿಗೆ ಸಕ್ಕರೆ ಹಾಕುವಾಗಲೂ ಚಮಚವನ್ನು ಬೆರಳಿನಿಂದ ಸಮ ಮಾಡುತ್ತಿದ್ದ.

"ಮೇಜನ್ನ."

"ಮೊಳೆ ಹೊಡೆದು ಗೊತ್ತಾ ನಿಂಗೆ?"

"ಗುಂಡಿ ಹೊಲಿದು ಗೊತ್ತು. ಎರಡೂ ಸೇರಿಸೋ ಕೆಲಸಾನೇ ಅಲ್ವೇನ್ರೀ?"

ಅಷ್ಟರಲ್ಲಿ ಒಳಕೋಣೆಯಿಂದ ಕಿವಿ ತೂತು ಬೀಳುವಂಥ ಸೀಟಿ ಕೇಳಿತು. ಅತ್ತೆಯದು. ಮೂವತ್ತೈದು ವರ್ಷ ಶಾಲೆಯಲ್ಲಿ ಆಟದ ಟೀಚರ್ ಆಗಿದ್ದ ಆಕೆಗೆ ಈಗ ಎಪ್ಪತ್ತೆರಡು. ಕೆಲಸ ಬಿಟ್ಟರೂ ಸೀಟಿ ಬಿಟ್ಟಿರಲಿಲ್ಲ. ಅದು ಹಗಲೆಲ್ಲ ಕೊರಳಲ್ಲೇ ತೂಗುತ್ತಿತ್ತು.

"ಮಾಡೇ ತಾಯಿ, ಮಾಡು!" ಎನ್ನುತ್ತ ಅತ್ತೆ ಹೊರಗೆ ಬಂದರು. "ಹತ್ತು ವರ್ಷದಿಂದ ಈ ಮನೇಲಿ ಒಂದು ಪಂದ್ಯಾನೇ ಇಲ್ಲ. ನಾನೂ ಇದೀನಿ ಟೀಮಲ್ಲಿ."

ಟೈಲರಕ್ಕ ಹಳೆಯ ಪತ್ರಿಕೆಗಳನ್ನು ಅಂಟಿಸಿ, ರವಿಕೆಗೆ ಮಾಡುವ ಹಾಗೆ, ಮೇಜಿನ ಒಂದೊಂದು ಭಾಗಕ್ಕೂ ಕಾಗದದ ಮಾದರಿ ಕತ್ತರಿಸಿಕೊಂಡಳು. ಮೇಲ್ಭಾಗ, ಕಾಲು, ಪಟ್ಟಿ. ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಮರದ ಮಿಲ್ಲಿಗೆ ಹೋದಳು. ಮಿಲ್ಲಿನ ಯಜಮಾನ ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು ಆ ಮಾದರಿಗಳನ್ನು ತಿರುಗಿಸಿ ಮುರುಗಿಸಿ ನೋಡಿದ.

"ಕಾಲು ಎಷ್ಟುದ್ದ ಅಕ್ಕಾ?"

"ಮೂವತ್ತಾರು ಇಂಚು. ಅದರ ಮೇಲೆ ಎರಡಿಂಚು ಜಾಸ್ತಿ ಬಿಡಿ."

"ಅದ್ಯಾಕೆ?"

"ಮಡಿಸೋಕೆ" ಎಂದುಬಿಟ್ಟಳು ಟೈಲರಕ್ಕ.

ಯಜಮಾನ ಪೆನ್ಸಿಲ್ ಕೆಳಗಿಟ್ಟ. ದಿಮ್ಮಿ ಹೊರುತ್ತಿದ್ದವರಿಬ್ಬರು ದಿಮ್ಮಿಯ ಸಮೇತ ನಿಂತರು. ಆಡಿದ ಮಾತು ಆಕೆಯ ಕಿವಿಗೇ ತಲುಪಲು ಕ್ಷಣ ಹಿಡಿಯಿತು. ತಲುಪಿದ್ದೇ ತಡ, ಎಲ್ಲರಿಗಿಂತ ಮೊದಲು ನಕ್ಕವಳು ಆಕೆಯೇ. ಹಲಗೆಯ ರಾಶಿಗೆ ಒರಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಇಷ್ಟು ವರ್ಷ ಮರ ಕೊಯ್ದಿದೀನಿ ಅಕ್ಕಾ, ಅಂಚು ಮಡಿಸಿ ಅಂತ ಯಾರೂ ಕೇಳಿರಲಿಲ್ಲ" ಎಂದು ಯಜಮಾನ ಕಣ್ಣೊರೆಸಿಕೊಂಡ. ಎಂಟಡಿಯ ನಾಲ್ಕು ಒಳ್ಳೆಯ ಹಲಗೆಗಳನ್ನು ಆತನೇ ಆರಿಸಿ, ಅಂಚು ನಯ ಮಾಡಿಸಿ, ಗಾಡಿಗೆ ಹಾಕಿಸಿದ. ಕಾಲಿನ ಮರವನ್ನು ಮಾತ್ರ ಆಕೆ ಉದ್ದಕ್ಕೇ ತಂದಳು. ಗರಗಸ ಹಿಡಿಯದೆ ಮೇಜು ಮಾಡಿದೆ ಎನ್ನುವುದು ಹೇಗೆ?

ಗರಗಸವೇನೋ ಹೊಸದು, ಹರಿತವಾದದ್ದು. ಹಿಡಿದವಳಿಗೆ ಮಾತ್ರ ಕತ್ತರಿಯ ಕೈ. ಮೊದಲ ಕಾಲು ಕೊಯ್ಯುವಾಗ ಗರಗಸ ಗೆರೆ ಬಿಟ್ಟು ಹೊಲದಲ್ಲಿ ದಾರಿ ತಪ್ಪಿದ ಹಸುವಿನ ಹಾಗೆ ಎತ್ತಲೋ ಹೋಯಿತು. ಎರಡನೆಯ ಸಲ ಮಧ್ಯದಲ್ಲೇ ಕಚ್ಚಿಕೊಂಡು ನಿಂತಿತು. ಎಳೆದರೂ ಬಾರದು, ತಳ್ಳಿದರೂ ಹೋಗದು.

"ಉಸಿರು ಕಟ್ಕೊಂಡು ಯಾಕೆ ಕೊಯ್ತೀಯೇ?" ಎಂದರು ಅತ್ತೆ. ಮರದ ಇನ್ನೊಂದು ತುದಿಯ ಮೇಲೆ ಗಟ್ಟಿಯಾಗಿ ಕೂತು, ಸೀಟಿ ಬಾಯಿಗಿಟ್ಟುಕೊಂಡರು. "ತಳ್ಳುವಾಗ ಉಸಿರು ಬಿಡು, ಎಳೆಯುವಾಗ ತಗೋ. ಭುಜ ಸಡಿಲ. ಕಣ್ಣು ಗೆರೆ ಮೇಲೆ. ಹಾಂ, ಶುರು!"

ಪೀ, ಎಂದರೆ ತಳ್ಳಬೇಕು. ಪೀಪೀ, ಎಂದರೆ ಎಳೆಯಬೇಕು. ನಗು ತಡೆದುಕೊಂಡು ಆಕೆ ತಳ್ಳಿದಳು, ಎಳೆದಳು. ಹತ್ತು ಸಲ ಆದ ಮೇಲೆ ನಗು ತಾನಾಗಿ ನಿಂತಿತು, ಕೈಗೆ ಒಂದು ಓಟ ಸಿಕ್ಕಿತು. ಮರದ ಹೊಟ್ಟು ಸಣ್ಣಗೆ ಉದುರಿ ಪಾದದ ಮೇಲೆ ಬೆಚ್ಚಗೆ ಬಿತ್ತು. ಮಿಷನ್ನಿನ ಮೇಲೆ ಹೊಲಿಗೆ ನೇರವಾಗಿ ಓಡುವಾಗ ಆಗುವ ಹಿತವೇ ಅದು. ತುಂಡು ಠಪ್ಪೆಂದು ನೆಲಕ್ಕೆ ಬಿದ್ದಾಗ ಅತ್ತೆ ಗೋಲು ಬಿದ್ದಂತೆ ಎರಡೂ ಕೈ ಮೇಲೆತ್ತಿದರು.

ನಾಲ್ಕೂ ಕಾಲು ಮುಗಿದ ಮೇಲೆ ಆಕೆ ತಕ್ಷಣ ಸ್ಕ್ರೂ ಮುಟ್ಟಲಿಲ್ಲ. ಮೊದಲು ದಾರದಲ್ಲಿ ಕಚ್ಚಾ ಹೊಲಿಗೆ ಹಾಕಿ ಗಿರಾಕಿಗೆ ತೊಡಿಸಿ ನೋಡುವುದು ಆಕೆಯ ಪದ್ಧತಿ. ಹಾಗೇ ಕಾಲು, ಪಟ್ಟಿಗಳನ್ನೆಲ್ಲ ಲಾಡಿಯಿಂದ ಬಿಗಿದು ನಿಲ್ಲಿಸಿದಳು. ಚೌಕಟ್ಟು ಆಗ ತಾನೇ ಹುಟ್ಟಿದ ಕರುವಿನಂತೆ ನಾಲ್ಕು ಕಾಲನ್ನೂ ನಾಲ್ಕು ದಿಕ್ಕಿಗೆ ಚಾಚಿ ನಡುಗಿತು. ಆದರೂ ನಿಂತಿತು. ಎಲ್ಲೆಲ್ಲಿ ಸಡಿಲ, ಎಲ್ಲೆಲ್ಲಿ ಬಿಗಿ ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿ, ಬಿಚ್ಚಿ, ಆಮೇಲೆ ಸ್ಕ್ರೂ ಬಿಗಿದಳು.

ಬುಧವಾರ ಗಂಡನಿಗೆ ರಜೆ. ನಾಲ್ಕು ಹಲಗೆಗಳ ಅಂಚಿಗೆ ಅಂಟು ಹಚ್ಚಿ, ಒಂದಕ್ಕೊಂದು ಸೇರಿಸಿ, ಒಂದೇ ಅಗಲ ಹಲಗೆ ಮಾಡುವ ದಿನ. ಗಂಡ ಅಂಟನ್ನು ಸಿರಿಂಜಿಗೆ ತುಂಬಿ ಎರಡೆರಡು ಬೆರಳಿನ ಅಂತರಕ್ಕೆ ಒಂದೊಂದು ಹನಿಯಂತೆ ಇಟ್ಟುಕೊಂಡು ಹೋದ. ಅಷ್ಟು ಚೆಂದಕ್ಕೆ ಅಂಟು ಹಚ್ಚುವವರನ್ನು ಬಡಗಿಯೂ ನೋಡಿರಲಾರ. ಆದರೆ ಹಲಗೆಗಳನ್ನು ಅದುಮಿ ಹಿಡಿಯುವುದು ಯಾವುದರಿಂದ? ಬಡಗಿಗಳ ಹತ್ತಿರ ಅದಕ್ಕೆಂದೇ ಬಿಗಿದು ಹಿಡಿಯುವ ಕ್ಲಾಂಪುಗಳಿರುತ್ತವೆ. ಇವರ ಹತ್ತಿರ ಏನೂ ಇರಲಿಲ್ಲ.

"ತಡಿ" ಎಂದ ಗಂಡ. "ರಕ್ತ ತೆಗೆಯೋವಾಗ ತೋಳಿಗೆ ಪಟ್ಟಿ ಕಟ್ಟಲ್ವಾ? ಹಂಗೆ ಕಟ್ಟೋಣ."

ಚೀಲಕ್ಕೆ ಹಾಕುವ ದಪ್ಪ ಪಟ್ಟಿಗಳನ್ನು ಹಲಗೆಗಳ ಸುತ್ತ ನಾಲ್ಕು ಕಡೆ ಸುತ್ತಿ ಗಂಟು ಹಾಕಿ, ಗಂಟಿನೊಳಗೆ ಮರದ ಸೌಟು ತೂರಿಸಿ ತಿರುಚಿದರು. ತಿರುಚಿದಷ್ಟೂ ಹಲಗೆಗಳು ಒಂದಕ್ಕೊಂದು ಒತ್ತಿಕೊಂಡವು. ಟೈಲರಕ್ಕ ಗಂಡನ ಮುಖವನ್ನು ಹೊಸದಾಗಿ ನೋಡಿದಳು. ಆತನ ಕಿವಿ ಕೆಂಪಾಯಿತು. ಅಷ್ಟರಲ್ಲಿ ಹಲಗೆಯ ನಡುಭಾಗ ನಾಯಿ ಕಂಡ ಬೆಕ್ಕಿನ ಬೆನ್ನಿನಂತೆ ಮೇಲಕ್ಕೆ ಉಬ್ಬತೊಡಗಿತು.

"ಭಾರ ಹಾಕ್ಬೇಕು! ಭಾರ!" ಎಂದು ಆಕೆ ಕೂಗಿದಳು.

ಅತ್ತೆ ಹಿಂದೆ ಮುಂದೆ ನೋಡದೆ ಹಲಗೆಯ ಒಂದು ತುದಿಯಲ್ಲಿ ಕೂತೇಬಿಟ್ಟರು. ಎರಡು ಗಿಡ್ಡ ಸ್ಟೂಲುಗಳ ಮೇಲೆ ಇಟ್ಟಿದ್ದ ಹಲಗೆಯ ಇನ್ನೊಂದು ತುದಿ ತಟ್ಟನೆ ಮೇಲೆದ್ದಿತು. ಗಂಡನ ಎರಡೂ ಕೈಯಲ್ಲಿ ಸೌಟು. ಟೈಲರಕ್ಕನ ಎರಡೂ ಕೈಯಲ್ಲಿ ಅಂಟು. ಆಗ ಬಾಗಿಲ ಗಂಟೆ ಸದ್ದು ಮಾಡಿತು.

ಕೆಳಮನೆಯ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಆರಡಿ ಎತ್ತರ, ಅದಕ್ಕೆ ತಕ್ಕ ಹೊಟ್ಟೆ. ದಿನವಿಡೀ "ಬ್ರೇಕು! ಬ್ರೇಕು!" ಎಂದು ಕೂಗಿ ಕೂಗಿ ಗಂಟಲು ತಗಡಿನಂತಾಗಿತ್ತು. "ನೋಡ್ರೀ, ಮೂರು ದಿನದಿಂದ ತಲೆ ಮೇಲೆ ಕುಟ್ಟೋದು, ಕೊಯ್ಯೋದು, ಸೀಟಿ ಬೇರೆ! ಮಧ್ಯಾಹ್ನ ಒಂದು ಗಳಿಗೆ ಕಣ್ಣು ಮುಚ್ಚೋಣ ಅಂದ್ರೆ..." ಎನ್ನುತ್ತ ಚಿಲಕ ಹಾಕದ ಬಾಗಿಲು ತಳ್ಳಿ ಒಳಗೆ ಕಾಲಿಟ್ಟರು.

ಪೀ! ಎಂದಿತು ಸೀಟಿ. ಹಲಗೆಯ ಮೇಲೆದ್ದಿದ್ದ ತುದಿಯತ್ತ ಅತ್ತೆ ಬೆರಳು ತೋರಿಸಿ, "ಕೂತ್ಕೊಳ್ಳಿ!" ಎಂದರು.

ಮೇಷ್ಟ್ರು ಕೂತರು. ಯಾಕೆ ಕೂತರೆಂದು ಅವರಿಗೂ ತಿಳಿಯಲಿಲ್ಲ. ಆ ದನಿಗೆ ಕೂತುಬಿಡುವುದೊಂದೇ ಉಳಿದ ದಾರಿ. ಹಲಗೆ ಸಮಕ್ಕೆ ಬಂತು, ಉಬ್ಬು ಇಳಿಯಿತು, ಸಂದುಗಳಿಂದ ಅಂಟು ಮುತ್ತಿನ ಸಾಲಿನಂತೆ ಹೊರಬಂತು.

"ಏಳ್ಬೇಡಿ!" ಎಂದರು ಗಂಡ ಹೆಂಡತಿ ಒಟ್ಟಿಗೇ.

"ಎಷ್ಟು ಹೊತ್ತು?"

ಗಂಡ ಕೈಗಡಿಯಾರ ನೋಡಿದ. "ನಲವತ್ತು ನಿಮಿಷ ಸರ್. ಈಗ ಒಂದು ನಿಮಿಷ ಆಯ್ತು."

ಮೇಷ್ಟ್ರು ದೂರು ಹೇಳಲು ಬಂದವರು, ಹಲಗೆಯ ತುದಿಯಲ್ಲಿ ಕೂತು ಟೀ ಕುಡಿದರು. ಹತ್ತನೇ ನಿಮಿಷಕ್ಕೆ ಅತ್ತೆ ಮೆಲ್ಲಗೆ ಕೇಳಿದರು, "ಮೇಷ್ಟ್ರೇ, ಎಪ್ಪತ್ತೆರಡಕ್ಕೆ ಕಾರು ಕಲಿಯಬಹುದಾ?"

"ಕಣ್ಣು ಕಾಣಬೇಕು, ಕಿವಿ ಕೇಳಬೇಕು."

"ಎರಡೂ ನಿಮಗಿಂತ ಚೆನ್ನಾಗಿದೆ."

ಮೇಷ್ಟ್ರಿಗೆ ಸ್ವಾಭಿಮಾನ ಕೆರಳಿತು. "ಹಾಗಾದ್ರೆ ಇಲ್ಲೇ ನೋಡೇಬಿಡೋಣ" ಎಂದರು. ಟೈಲರಕ್ಕ ಕಸೂತಿ ಹಾಕುವ ಮರದ ಬಳೆಯೊಂದನ್ನು ಅತ್ತೆಯ ಕೈಗೆ ಕೊಟ್ಟಳು, ಅದು ಸ್ಟೇರಿಂಗು. ಕಾಲ ಕೆಳಗೆ ಮೂರು ದಾರದ ಉಂಡೆ ಇಟ್ಟಳು. ಹಸಿರು ಕ್ಲಚ್ಚು, ಕೆಂಪು ಬ್ರೇಕು, ಹಳದಿ ಆಕ್ಸಿಲರೇಟರು. ಗೇರಿಗೆ ಒಂದು ಸೌಟು ಸಿಕ್ಕೇ ಇತ್ತು.

"ಕ್ಲಚ್ಚು ಒತ್ತಿ, ಗೇರು ಹಾಕಿ, ನಿಧಾನಕ್ಕೆ... ನಿಧಾನಕ್ಕೆ ಅಂದೆ!"

"ಹೋಗ್ತಾ ಇದೀನಲ್ಲ!"

"ಎದುರಿಗೆ ಲಾರಿ!"

"ಹಾರನ್!" ಎಂದು ಅತ್ತೆ ಸೀಟಿ ಊದಿದರು.

"ಬ್ರೇಕು! ಬ್ರೇಕು! ಕೆಂಪು ಉಂಡೆ ಅಮ್ಮಾ, ಕೆಂಪು ಉಂಡೆ!"

ಕೆಂಪು ಉಂಡೆ ಕಾಲಿನಿಂದ ಜಾರಿ ಉರುಳುತ್ತ ಮಂಚದ ಕೆಳಗೆ ಹೋಯಿತು. "ಬ್ರೇಕು ಬಿದ್ದುಹೋಯ್ತು!" ಎಂದು ಅತ್ತೆ ಕಿರುಚಿದರು. ಗಂಡ ನಗುತ್ತ ನಗುತ್ತ ಸೌಟು ಬಿಡಲಾಗದೆ ಅದನ್ನೇ ತಬ್ಬಿಕೊಂಡು ನೆಲಕ್ಕೆ ಕುಸಿದ. ಟೈಲರಕ್ಕ ಗೋಡೆಗೆ ಒರಗಿ ಕಣ್ಣಲ್ಲಿ ನೀರು ಸುರಿಸುತ್ತಿದ್ದಳು. ನಲವತ್ತು ನಿಮಿಷ ಎಂದೋ ಮುಗಿದಿತ್ತು. ಯಾರೂ ಗಡಿಯಾರ ನೋಡಿರಲಿಲ್ಲ.

ಕೊನೆಗೆ ಮೇಷ್ಟ್ರು ಎದ್ದರು. ಅತ್ತೆ ಏಳಲು ಹೋದರೆ ಹೆಗಲ ಶಾಲು ಅವರನ್ನು ಹಿಂದಕ್ಕೆ ಎಳೆಯಿತು. ಅದರ ಅಂಚು ಸಂದಿನ ಅಂಟಿಗೆ ಕಚ್ಚಿಕೊಂಡು ಮರವೇ ಆಗಿತ್ತು. "ಎಳೀಬೇಡಿ ಅತ್ತೆ" ಎಂದು ಟೈಲರಕ್ಕ ಕತ್ತರಿ ತಂದು, ನೇರವಾಗಿ ಒಂದೇ ಗೆರೆಯಲ್ಲಿ ಶಾಲನ್ನು ಬಿಡಿಸಿದಳು. ಮರದಲ್ಲಿ ಉಳಿದ ನೀಲಿ ಉಣ್ಣೆಯ ಎಳೆಯನ್ನು ಎಷ್ಟು ಉಜ್ಜಿದರೂ ಹೋಗಲಿಲ್ಲ. "ಇರ್ಲಿ ಬಿಡು, ನನ್ನ ರುಜು" ಎಂದರು ಅತ್ತೆ.

ಮಾರನೆಯ ದಿನ ಹಲಗೆಯನ್ನು ಚೌಕಟ್ಟಿನ ಮೇಲೆ ಕೂರಿಸಲು ಮೇಷ್ಟ್ರು ಕರೆಯದೆಯೇ ಬಂದರು. ಸ್ಕ್ರೂ ಬಿಗಿದು ಕೈಯಿಟ್ಟು ನೋಡಿದರೆ ಮೇಜು ಟಕ್ ಟಕ್ ಎಂದು ಕುಂಟಿತು. ಒಂದು ಕಾಲು ಕೋಟಿನ ಗುಂಡಿಯ ದಪ್ಪದಷ್ಟು ಗಿಡ್ಡ.

ಗಂಡ ಗರಗಸ ಎತ್ತಿಕೊಂಡ. "ಉಳಿದ ಮೂರನ್ನೂ ಅಷ್ಟೇ ಕತ್ತರಿಸಿದ್ರಾಯ್ತು."

"ನಾನೂ ಅದನ್ನೇ ಹೇಳೋಣ ಅಂತಿದ್ದೆ" ಎಂದರು ಮೇಷ್ಟ್ರು.

"ಇಬ್ರೂ ಕೈ ತೆಗೀರಿ!" ಎಂದು ಟೈಲರಕ್ಕ ಮೇಜಿಗೆ ಅಡ್ಡ ನಿಂತಳು. "ಒಂದು ತೋಳು ಗಿಡ್ಡ ಆಯ್ತು ಅಂತ ಇನ್ನೊಂದು ಕತ್ತರಿಸ್ತಾ ಹೋದ್ರೆ ಕೊನೆಗೆ ಗಿರಾಕಿಗೆ ಬನಿಯನ್ನೇ ಗತಿ. ಗಿಡ್ಡ ಆದದ್ದಕ್ಕೆ ತುಂಡು ಕೊಟ್ಟು ಸೇರಿಸ್ಬೇಕು."

ತೆಳ್ಳನೆಯ ಮರದ ಚೂರೊಂದನ್ನು ಕಾಲಿನ ಅಳತೆಗೆ ಕೊಯ್ದು, ಅಂಟು ಹಚ್ಚಿ, ಸ್ಕ್ರೂ ಹಾಕಿ, ಅಂಚನ್ನು ಸ್ಯಾಂಡ್‌ಪೇಪರಿನಲ್ಲಿ ಉಜ್ಜಿದಳು. ಬೆರಳಾಡಿಸಿದರೆ ಸಂದು ತಿಳಿಯಬಾರದು, ಅಷ್ಟು. ಮೇಜನ್ನು ಮತ್ತೆ ನಿಲ್ಲಿಸಿ ನಾಲ್ಕೂ ಜನ ನಾಲ್ಕು ಮೂಲೆ ಒತ್ತಿದರು. ಅದು ಬಂಡೆಯಂತೆ ಸುಮ್ಮನಿತ್ತು. ಎಲ್ಲರೂ ಒಟ್ಟಿಗೇ ಮಾತಾಡತೊಡಗಿದರು.

ಶುಕ್ರವಾರ ಬೆಳಿಗ್ಗೆ ಕೆಂಪು ಮಖಮಲ್ಲಿನ ಸುರುಳಿ ಬಿಚ್ಚಿದಾಗ ಅದು ಮೇಜಿನುದ್ದಕ್ಕೂ ಒಂದೇ ಉಸಿರಿಗೆ ಹರಿದು ಹೋಗಿ ಆ ತುದಿಯಲ್ಲಿ ಧುಮುಕಿತು. ಅತ್ತೆ ಅಲ್ಲಿ ಬಟ್ಟೆ ಹಿಡಿದರು. ಟೈಲರಕ್ಕ ಬೆನ್ನು ನೇರ ಮಾಡಿ, ಕಾಲೂರಿ ನಿಂತು, ಕತ್ತರಿ ಇಟ್ಟಳು. ಕತ್ತರಿಗೆ ಬಾಯಿ ಮುಚ್ಚುವ ಪುರುಸೊತ್ತೇ ಇರಲಿಲ್ಲ, ಸರ್ರನೆ ಎಂಟಡಿ ಓಡಿತು. ನೆಲದ ಮೇಲಾಗಿದ್ದರೆ ಅಷ್ಟು ದೂರಕ್ಕೆ ಆರು ಸಲ ತೆವಳಬೇಕಿತ್ತು. ಈಗ ನಡೆದಳು. ಸುಮ್ಮನೆ ಮೇಜಿನ ಪಕ್ಕದಲ್ಲಿ, ಪೇಟೆಗೆ ಹೊರಟವಳ ಹಾಗೆ, ನಡೆದುಕೊಂಡು ಹೋದಳು. ಆ ತುದಿ ಮುಟ್ಟಿ ಅತ್ತೆಯ ಮುಖ ನೋಡಿದಳು. ನಗಲು ಕಾರಣವೇ ಇರಲಿಲ್ಲ, ಇಬ್ಬರೂ ನಕ್ಕರು.

ಮಧ್ಯಾಹ್ನದೊಳಗೆ ಪರದೆಯ ಬಟ್ಟೆಯೆಲ್ಲ ಕತ್ತರಿಸಿ ಮುಗಿಯಿತು. ಕೈ ಮಾತ್ರ ನಿಲ್ಲಲೊಲ್ಲದು. ಉಳಿದ ಚೂರಿನಲ್ಲಿ ದಿಂಬಿನ ಕವರು ಕತ್ತರಿಸಿದಳು. ಕಪಾಟಿನಲ್ಲಿ ವರ್ಷದಿಂದ ಕೂತಿದ್ದ ಹೂವಿನ ಬಟ್ಟೆಯಲ್ಲಿ ಅತ್ತೆಗೆ ಎರಡು ಜೇಬಿನ ಕೋಟು ಕತ್ತರಿಸಿದಳು. ಮಿಲ್ಲಿನ ಯಜಮಾನನಿಗೆ ಒಂದು ಏಪ್ರನ್ ಕತ್ತರಿಸಿದಳು, ಅಂಚಿಗೆ ಎರಡಿಂಚು ಧಾರಾಳವಾಗಿ ಬಿಟ್ಟು. ಆಮೇಲೆ ಕತ್ತರಿ ಹಿಡಿದುಕೊಂಡೇ ಮನೆಯೆಲ್ಲ ಕಣ್ಣಾಡಿಸಿದಳು.

"ರೀ, ಇನ್ನೇನಾದ್ರೂ ಇದೆಯಾ ಕತ್ತರಿಸೋಕೆ?"

ಮಧ್ಯಾಹ್ನದ ಪಾಳಿಗೆ ಹೊರಟಿದ್ದ ಗಂಡ ಆಕೆಯ ಕಣ್ಣಿನ ಹೊಳಪು ನೋಡಿದ. ಹಗ್ಗದ ಮೇಲಿದ್ದ ತನ್ನ ಒಂದೇ ಒಂದು ಒಳ್ಳೆಯ ಪ್ಯಾಂಟನ್ನು ಸರ್ರನೆ ಎಳೆದು ಎದೆಗೆ ಅವಚಿಕೊಂಡು, ಚಪ್ಪಲಿ ಮೆಟ್ಟಲೂ ನಿಲ್ಲದೆ, ಮೆಟ್ಟಿಲು ಇಳಿದು ಓಡಿದ.