ಹನ್ನೆರಡನೆಯ ಭರಣಿ

ಮುನೇಶ ಮೂರನೆಯ ಸಲ ಸೀಗೆಪುಡಿ ಹಚ್ಚಿ ಉಜ್ಜಿದ. ಹಲಗೆಯ ಮೇಲೆ ಮಲಗಿಸಿದ್ದ ಅಣ್ಣನ ಹೆಣದ ಬಲಗೈ ಹೆಬ್ಬೆರಳಿನ ಕೆಂಪು ಹೋಗಲಿಲ್ಲ.

"ಒಸಿ ನೋಡತ್ತಿಗೆ. ಇದು ಇಂಕು. ಯಾವ್ದೋ ಪತ್ರಕ್ಕೆ ನಮ್ಮಣ್ಣನ ಹೆಬ್ಬೆಟ್ಟು ಒತ್ತಿಸ್ಕೊಂಡವ್ರೆ."

ಚನ್ನಪಟ್ಟಣದ ಆ ಓಣಿಯಲ್ಲಿ ನಲವತ್ತು ವರ್ಷ ಬೊಂಬೆ ಕಡೆದ ಮುನಿಶಾಮಯ್ಯನಿಗೆ ಓದುಬರಹ ಬರುತ್ತಿರಲಿಲ್ಲ. ಅವನ ಹೆಸರಲ್ಲಿ ಇದ್ದದ್ದು ಈ ಮನೆಯೊಂದೇ. ವರಲಕ್ಷ್ಮಮ್ಮ ಗಂಡನ ಬೆರಳನ್ನು ನೋಡಿದಳು. ತುದಿಯಲ್ಲಿ ಬೊಬ್ಬೆಯೂ ಇತ್ತು. ಅವಳ ಕಣ್ಣು ಬಾಗಿಲ ಕಡೆ ಹೋಯಿತು.

ಅಲ್ಲಿ ಸುಚಿತ್ರಾ ರಟ್ಟಿನ ಡಬ್ಬ ಹಿಡಿದು ನಿಂತಿದ್ದಳು. ರಾಮನಗರದಲ್ಲಿ ರೇಷ್ಮೆ ಅಂಗಡಿಯ ಮಹಡಿಯ ಮೇಲೆ ಒಂದೇ ಕೋಣೆಯ ಗ್ಯಾಲರಿ ನಡೆಸುವವಳು.

"ಹೆಣ ಎತ್ತೋಕ್ ಮುಂಚೆನೇ ಡಬ್ಬ ತಂದವ್ಳೆ, ತುಂಬ್ಕೊಂಡ್ ಹೋಗಾಕೆ," ಎಂದ ಮುನೇಶ.

*

ಯುಗಾದಿಯಿಂದೀಚೆಗೆ ಮುನಿಶಾಮಯ್ಯ ಗುರುವಾರ ಗುರುವಾರ ಇಸ್ತ್ರಿ ಶರಟು ತೊಟ್ಟು ರಾಮನಗರದ ಬಸ್ಸು ಹತ್ತುತ್ತಿದ್ದ. ಹೋಗುವಾಗ ಚೀಲದಲ್ಲಿ ಏನೋ ಇರುತ್ತಿತ್ತು, ಬರುವಾಗ ಬರಿದು.

"ಏನದು?"

"ಕುಂಕುಮದ ಭರಣಿ."

"ಯಾರಿಗೆ?"

"ನೋಡೋರಿಗೆ."

"ಭರಣಿನ ಯಾರಾದ್ರೂ ಬರೀ ನೋಡ್ತಾರಾ?"

ಅವನು ನಕ್ಕ. ಆ ನಗು ವರಲಕ್ಷ್ಮಮ್ಮನಿಗೆ ಸೇರಲಿಲ್ಲ. ಮರುದಿನವೇ ದೇವರ ಪಟದ ಹಿಂದಿದ್ದ ಮನೆಪತ್ರವನ್ನು ತೆಗೆದು, ಶಿವನಿಗೆ ತಪ್ಪು ಕಾಣಿಕೆ ಮುಡಿಪಿಟ್ಟು, ರಾಗಿ ಡಬ್ಬದೊಳಗೆ ಹೂತಳು.

*

"ಏನವ್ವ, ನಮ್ಮೆಜಮಾನ್ರ ಹೆಬ್ಬೆಟ್ಟು ಯಾತಕ್ಕೆ ಒತ್ತಿಸ್ಕೊಂಡೆ?" ವರಲಕ್ಷ್ಮಮ್ಮ ಬಾಗಿಲಿಗೆ ಬಂದು ಕೇಳಿದಳು.

ಸುಚಿತ್ರಾ ಬೆಚ್ಚಿದಳು. "ನಾನು ಹೆಸರು ಬರೀರಿ ಅಂದೆ ಅಷ್ಟೇ ಅಮ್ಮ. ಅವರೇ..."

"ಕೇಳುದ್ಯಾ! ಒಪ್ಕೊಂಡ್ಳು!"

"ಲೇ ಮುನೇಶ, ಬಾಯ್ ಮುಚ್ಚಲಾ," ಎಂದ ಹುಸೇನ್. ಇಷ್ಟು ವರ್ಷವೂ ಮುನಿಶಾಮಯ್ಯನ ಪಕ್ಕದ ಯಂತ್ರದಲ್ಲೇ ಕಡೆದವನು. ಡಬ್ಬ ಬಿಚ್ಚಿ ಒಂದು ಭರಣಿಯನ್ನು ಬೋರಲು ಹಾಕಿದ. ತಳದ ಕೆಂಪು ಅರಗಿನಲ್ಲಿ ಹೆಬ್ಬೆರಳಿನ ಗೆರೆಗಳು ಮೂಡಿದ್ದವು. ಡಬ್ಬದಲ್ಲಿದ್ದ ಹನ್ನೊಂದರಲ್ಲೂ ಹಾಗೆಯೇ.

"ಬೊಂಬೆ ಮ್ಯಾಲೆ ಹೆಸ್ರು ಹಾಕೋ ಪದ್ಧತಿ ನಮ್ಮಲ್ಲೆಲ್ಲೈತೆ ತಂಗ್ಯವ್ವ? ಅರಗು ಬಿಸಿ ಇದ್ದಂಗೇ ಒತ್ತವ್ನೆ. ಸುಟ್ಕತೀಯ ಕಣ್ಲಾ ಅಂದೆ, ಕೇಳ್ಳಿಲ್ಲ."

ಸುಚಿತ್ರಾ ಕಾರ್ಡೊಂದನ್ನು ಚಾಚಿದಳು. "ಮುಂದಿನ ತಿಂಗಳು ಅವರ ಪ್ರದರ್ಶನ. ಈಗ ನೀವು ಬೇಡ ಅಂದ್ರೆ ನಿಲ್ಲಿಸ್ತೀನಿ. ಅದಕ್ಕೇ ಎಲ್ಲಾ ವಾಪಸ್ ತಂದೆ."

"ಓದು ಉಸೇನಣ್ಣ."

"ಮುಂಬರುವ ಪ್ರದರ್ಶನಗಳು. ಮೂರು ಹೆಸ್ರೈತೆ. ಎರಡನೇದು ನಮ್ಮೋನ್ದು."

"ಹಿಂದ್ಗಡೆ?"

"ಬಸ್ ಸ್ಟ್ಯಾಂಡಿಂದ ದಾರಿ."

"ಇನ್ನೇನೂ ಇಲ್ವಾ?"

"ಇಲ್ಲ ಕಣವ್ವ."

ವರಲಕ್ಷ್ಮಮ್ಮ ಕಾರ್ಡನ್ನು ಇಸಿದುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. "ಹನ್ನೊಂದೇ ಯಾಕೆ?"

"ಹನ್ನೆರಡು ಅಂದಿದ್ರು," ಎಂದಳು ಸುಚಿತ್ರಾ.

ಹನ್ನೆರಡನೆಯದು ಹಿಂದಿನ ಕೋಣೆಯಲ್ಲಿ ಯಂತ್ರಕ್ಕೆ ಸಿಕ್ಕಿಕೊಂಡೇ ಇತ್ತು. ಮೈಯೆಲ್ಲ ಬಣ್ಣ, ತಳ ಮಾತ್ರ ಬಿಳಿ ಮರ.

"ಉಸೇನಣ್ಣ, ಮೋಟ್ರು ಹಾಕು."

"ಸಾವಿನ ಮನೇಲಿ ಯಂತ್ರ ತಿರುಗ್ಸಾದಾ ಅತ್ತಿಗೆ? ಜನ ಏನಂದಾರು?"

"ಇಷ್ಟೊತ್ತೂ ನೀನಂದಿದ್ದು ಸಾಲ್ದಾ?"

ಯಂತ್ರ ತಿರುಗಿತು. ಅಳುತ್ತಿದ್ದವರು ಅಳು ನಿಲ್ಲಿಸಿ ನೋಡಿದರು. ಹುಸೇನ್ ಅರಗಿನ ಕಡ್ಡಿಯನ್ನು ತಳಕ್ಕೆ ಒತ್ತಿದ. ಕೆಂಪು ಕರಗಿ ಹರಡಿತು. ಮನೆಯೆಲ್ಲ ಅದೇ ವಾಸನೆ. ವರಲಕ್ಷ್ಮಮ್ಮ ಅವನ ಪಕ್ಕಕ್ಕೆ ಬಂದು ನಿಂತಳು.

ಹೆಣದ ಬಾಯಿಗೆ ಅಕ್ಕಿ ಹಾಕಲು ಎಲ್ಲರಿಗಿಂತ ಕೊನೆಗೆ ಬಂದವಳು ಅವಳು. "ಶಿವ ಶಿವಾ" ಎಂದು ಹಿಡಿ ಬಿಚ್ಚಿದಳು. ಎರಡು ಕಾಳು ಮಾತ್ರ ಬೀಳದೆ, ಅವಳ ಹೆಬ್ಬೆರಳಿನ ಹಸಿ ಕೆಂಪಿಗೆ ಅಂಟಿಕೊಂಡವು.