ಅಂಗೈ ಮೇಲಿನ ಒಂದು ತೊಟ್ಟು ಗೊಜ್ಜು

ಕಲ್ಲಿಗೇನು ಗೊತ್ತು ರುಚಿ ಎನ್ನುವವರಿದ್ದಾರೆ. ಅನ್ನಲಿ. ನಾನು ಕಲ್ಲೇ ಹೌದು, ಬಳಪದ ಕಲ್ಲಿನಲ್ಲಿ ಕಡೆದ ಒಂದು ಕಲ್ಚಟ್ಟಿ. ಬೋರಾಚಾರಿ ಎಂಬ ಮುದುಕ ತನ್ನ ಮನೆಯ ಜಗಲಿಯಲ್ಲಿ ಕೂತು, ಉಳಿಯಿಂದ ನನ್ನ ಹೊಟ್ಟೆಯನ್ನು ಕೆರೆದು ಕೆರೆದು ಟೊಳ್ಳು ಮಾಡಿದ. ನೋವಾಯಿತೇ ಎಂದು ಯಾರೂ ಕೇಳಲಿಲ್ಲ. ಬುಡವನ್ನು ಮಾತ್ರ ದಪ್ಪಗೆ ಉಳಿಸಿದ. ಅದಕ್ಕೆ ಅವನಿಗೆ ಇಂದಿಗೂ ಋಣಿ.

ನನ್ನನ್ನು ಕೊಂಡವರು ನಂಜನಗೂಡಿನ ಶೇಷಮ್ಮ. ಅವರು ಕೂಡಲೇ ಒಲೆಗೆ ಏರಿಸಲಿಲ್ಲ. ಎಣ್ಣೆ, ಅರಿಸಿನ ಹಚ್ಚಿ ಬಿಸಿಲಿಗಿಟ್ಟರು. ದಿನಾ ಬಿಸಿ ಗಂಜಿ ತುಂಬಿಸಿಟ್ಟರು. ಮೈ ಕಪ್ಪಾಗಿ ಮಿರುಗತೊಡಗಿದ ಮೇಲೆಯೇ ಸಣ್ಣ ಉರಿ ತೋರಿಸಿದರು. ಬಾಣಂತಿಗೂ ಅಷ್ಟು ಆರೈಕೆ ಸಿಗುವುದಿಲ್ಲ. ಆದರೆ ಮಡಿಯ ವಿಷಯದಲ್ಲಿ ಶೇಷಮ್ಮ ನನಗಿಂತ ಗಟ್ಟಿ. ದೇವರ ನೈವೇದ್ಯಕ್ಕೆ ಮೊದಲು ಅಡುಗೆಯ ರುಚಿ ನೋಡುವಂತಿಲ್ಲ, ಬಗ್ಗಿ ಮೂಸುವಂತೆಯೂ ಇಲ್ಲ. ಘಮ ತಾನಾಗಿ ಮೂಗಿಗೆ ಬಂದರೆ ತಪ್ಪಿಲ್ಲ, ಮೂಗು ಘಮವನ್ನು ಹುಡುಕಿಕೊಂಡು ಹೋಗಬಾರದು ಎನ್ನುವುದು ಅವರ ಕಾನೂನು.

ಮಗ ಶ್ರೀಪತಿಗೆ ಮದುವೆಯಾಗಿ ಸೊಸೆ ವನಮಾಲಾ ಬಂದಳು. ನಾನು ಅವಳ ಕೈ ಸೇರಿದೆ. ಮೊದಲ ದಿನ ಗೊಜ್ಜು ಸರಿಯಾದ ಹದಕ್ಕೆ ಬರುವವರೆಗೆ ಕಾದು ಒಲೆ ಆರಿಸಿದಳು. ನನ್ನ ಸ್ವಭಾವ ಅವಳಿಗೇನು ಗೊತ್ತು? ಒಲೆ ಆರಿದರೂ ನಾನು ಬಹಳ ಹೊತ್ತು ಕುದಿಸುತ್ತಲೇ ಇರುತ್ತೇನೆ. ಎಲೆ ಹಾಕುವ ಹೊತ್ತಿಗೆ ಗೊಜ್ಜು ಹೋಗಿ ಲೇಹ್ಯವಾಗಿತ್ತು. ಶೇಷಮ್ಮ ಬೈಯಲಿಲ್ಲ. ಕಲ್ಚಟ್ಟಿಯಲ್ಲಿ ಅಡುಗೆ ಆಗುವುದಕ್ಕೆ ಮೊದಲೇ ಒಲೆ ಆರಬೇಕು ಎಂದಷ್ಟೇ ಹೇಳಿಕೊಟ್ಟರು.

ಆಮೇಲೆ ವನಮಾಲಾಳನ್ನು ಹಿಡಿಯುವವರಿರಲಿಲ್ಲ. ಮಾಗಿಯಲ್ಲಿ ಸೊಗಡಿನ ಅವರೆಕಾಳಿಗೆ ಹುರಿದ ಎಳ್ಳು ಅರೆದು ಹಾಕಿದಳು. ಬೇಸಿಗೆಯಲ್ಲಿ ಎಲ್ಲರೂ ಎಸೆಯುವ ಕಲ್ಲಂಗಡಿಯ ಬಿಳಿ ತಿರುಳಿನಿಂದ ಮಜ್ಜಿಗೆಹುಳಿ ಮಾಡಿದಳು. ಮಳೆ ಹಿಡಿದರೆ ದೊಡ್ಡಪತ್ರೆಯ ಚಿಗುರಿಗೆ ಮೆಣಸು ಕುಟ್ಟಿ ಹಾಕಿ ಸಾರು. ಎಲ್ಲವೂ ಗೆಲ್ಲಲಿಲ್ಲ ಅನ್ನಿ. ಸಪೋಟದ ಗೊಜ್ಜು ಮಾಡಿದ ದಿನ ಶ್ರೀಪತಿ ತುಟಿಪಿಟಕ್ಕೆನ್ನದೆ ಉಂಡು, ಮೇಲೆ ಎರಡು ಲೋಟ ಮಜ್ಜಿಗೆ ಕುಡಿದ. ನನಗೂ ಅದು ಸೇರಲಿಲ್ಲ. ಆದರೆ ಅವಳ ಉತ್ಸಾಹವೆಂದರೆ ನನಗೆ ಪ್ರಾಣ. ನಾಲಿಗೆಗೆ ಹಾಕದೆ, ಹಬೆಯಲ್ಲಿ ಬರುವ ಘಮದಿಂದಲೇ ಉಪ್ಪು, ಹುಳಿ, ಹದವನ್ನೆಲ್ಲ ತಿಳಿದುಬಿಡುತ್ತಿದ್ದಳು.

ಒಂದು ಚಳಿಗಾಲ ಅವಳಿಗೆ ಜ್ವರ ಬಂತು. ಜ್ವರವೇನೋ ಹೋಯಿತು, ಹೋಗುವಾಗ ವಾಸನೆ ತಿಳಿಯುವ ಶಕ್ತಿಯನ್ನೂ ಕೊಂಡೊಯ್ದಿತು. ಅದು ಮೊದಲು ಗೊತ್ತಾದದ್ದು ನನಗೆ. ನನ್ನೊಳಗೆ ಮೆಂತ್ಯ ಸೀದು ಕರಿಯಾಗುತ್ತಿದ್ದರೂ ಅವಳು ಬೆನ್ನು ತಿರುಗಿಸಿಕೊಂಡು ಕಾಯಿ ತುರಿಯುತ್ತಲೇ ಇದ್ದಳು. ನಡುಮನೆಯಿಂದ ಶೇಷಮ್ಮ ಕೂಗಿದ ಮೇಲೆ ಓಡಿಬಂದಳು. ಯಾರಿಗೂ ವಿಷಯ ಹೇಳಲಿಲ್ಲ. ಅಂದಿನಿಂದ ದಿನವೂ ಅದೇ ತೊವ್ವೆ, ಅದೇ ಅನ್ನ. ನಾನು ಗೂಡಿನಲ್ಲಿ ಧೂಳು ತಿನ್ನುತ್ತ ಕೂತೆ. ಬಹಳ ದುಃಖವಾಯಿತು. ನನಗಾಗಿ ಅಲ್ಲ ಎಂದರೆ ಸುಳ್ಳಾದೀತು, ಆದರೆ ಹೆಚ್ಚು ಅವಳಿಗಾಗಿ.

ಯುಗಾದಿ ಕಳೆದ ಮೇಲೆ ಸೊಪ್ಪಿನವಳು ಹುಣಸೆ ಚಿಗುರು ತಂದಳು. ವನಮಾಲಾ ಬೇಡವೆಂದು ಒಳಗೆ ಬಂದಳು. ಶೇಷಮ್ಮ ತಾವೇ ಕೊಂಡು, ಮೊರದಲ್ಲಿ ಹಾಕಿ ಅವಳ ಮುಂದಿಟ್ಟರು. ಆಗ ಅವಳು ತಡೆಯಲಾರದೆ ಹೇಳಿಬಿಟ್ಟಳು.

“ನಂಗೆ ವಾಸನೇನೇ ಗೊತ್ತಾಗ್ತಿಲ್ಲ ಅತ್ತೆ. ಇನ್ನು ನನ್ನ ಕೈಲಿ ಅಡಿಗೆ ಆಗಲ್ಲ.”

ಶೇಷಮ್ಮ ಎದ್ದರು. ನನ್ನನ್ನು ಗೂಡಿನಿಂದ ಇಳಿಸಿ, ತೊಳೆದು ಒಲೆಯ ಮೇಲಿಟ್ಟರು. ಮಣೆ ಎಳೆದುಕೊಂಡು ಪಕ್ಕದಲ್ಲೇ ಕೂತರು. ಮೆಂತ್ಯ ಹುರಿದದ್ದು ಸಾಕು ಎಂದರು, ಇಂಗು ಇನ್ನೊಂದಿಷ್ಟು ಎಂದರು. ಅವರ ಮೂಗು ಕಾನೂನು ಮರೆತು ನನ್ನ ಬಾಯಿಯ ಹತ್ತಿರಕ್ಕೇ ಬಂದಿತ್ತು. ಚಿಗುರು ಬೆಂದಿತು, ಬೆಲ್ಲ ಬಿತ್ತು. ಒಲೆ ಆರಿಸಿದ ಮೇಲೆ ವನಮಾಲಾ ಸೌಟು ಹಿಡಿದು ಅತ್ತೆಯ ಕಡೆ ನೋಡಿದಳು. ಉಪ್ಪು ಹುಳಿ ಎಷ್ಟಾಗಿದೆಯೆಂದು ಹೇಳುವಷ್ಟು ಸೂಕ್ಷ್ಮ ಅತ್ತೆಯ ಮೂಗಿಗೆ ಇರಲಿಲ್ಲ. ಶೇಷಮ್ಮ ಸೌಟು ತೆಗೆದುಕೊಂಡು, ಅದರ ತುದಿಯಿಂದ ಒಂದು ತೊಟ್ಟು ಗೊಜ್ಜನ್ನು ಸೊಸೆಯ ಅಂಗೈ ಮೇಲೆ ಬಿಟ್ಟರು.

“ನೆಕ್ಕಿ ನೋಡು.”

“ಇನ್ನೂ ನೈವೇದ್ಯ ಆಗಿಲ್ಲ ಅತ್ತೆ.”

“ದೇವರ ಹತ್ರ ನಾನು ಹೇಳ್ಕೋತೀನಿ. ಮೂಗು ಹೋದ್ರೆ ಹೋಗ್ಲಿ, ನಾಲಿಗೆ ಇದೆಯಲ್ಲ ನಿಂಗೆ. ನೆಕ್ಕು.”

ವನಮಾಲಾ ಕಣ್ಣು ಮುಚ್ಚಿ ನೆಕ್ಕಿದಳು. ಹುಳಿ ಮುಂದಾಗಿದೆ, ಇನ್ನೊಂದು ಚೂರು ಬೆಲ್ಲ ಬೇಕು ಎಂದಳು. ಹಾಗೆಂದವಳೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಶೇಷಮ್ಮ ಬೆಲ್ಲದ ಡಬ್ಬಿಯನ್ನು ಅವಳ ಕಡೆಗೆ ತಳ್ಳಿದರು. ಅಂದು ದೇವರಿಗೆ ಹೋದದ್ದು ಅದೇ ಗೊಜ್ಜು.

ಶೇಷಮ್ಮ ತೀರಿಕೊಂಡು ಬಹಳ ವರ್ಷಗಳಾದವು. ವನಮಾಲಾಳಿಗೆ ವಾಸನೆ ಅರ್ಧ ಮರಳಿತು, ಅರ್ಧ ಮರಳಲಿಲ್ಲ. ನನಗೂ ಗ್ರಹಚಾರ ತಪ್ಪಲಿಲ್ಲ. ಕೆಲಸದಿಂದ ನಿವೃತ್ತನಾದ ಶ್ರೀಪತಿ ಹೆಂಡತಿಗೆ ಸಹಾಯ ಮಾಡಲು ಹೋಗಿ, ಕಾದಿದ್ದ ನನ್ನೊಳಗೆ ತಣ್ಣೀರು ಸುರಿದ. ಬಾಯಿಂದ ಬುಡದವರೆಗೆ ಬಿರುಕು ಬಿಟ್ಟೆ. ಪಾಪ, ಅವನು ವಾರವೆಲ್ಲ ಮುಖ ಸಣ್ಣಗೆ ಮಾಡಿಕೊಂಡಿದ್ದ.

ಎಸೆಯಲು ವನಮಾಲಾಳಿಗೆ ಮನಸ್ಸು ಬರಲಿಲ್ಲ. ಈಗ ನಾನು ಒಲೆಯ ಪಕ್ಕದ ಮೂಲೆಯಲ್ಲಿ ಹೊಟ್ಟೆ ತುಂಬ ಕಲ್ಲುಪ್ಪು ಇಟ್ಟುಕೊಂಡು ಕೂತಿದ್ದೇನೆ. ಇಲ್ಲಿಂದ ಎಲ್ಲವೂ ಕಾಣುತ್ತದೆ. ತಲೆ ನರೆತರೂ ಅವಳು ಪ್ರತಿ ಋತುವಿನಲ್ಲಿ ಏನಾದರೊಂದು ಹೊಸದನ್ನು ಹುಡುಕುತ್ತಾಳೆ. ಬೆಂದದ್ದರಲ್ಲಿ ಒಂದು ತೊಟ್ಟನ್ನು ಅಂಗೈಗೆ ಬಿಟ್ಟುಕೊಂಡು ದೇವರ ಕೋಣೆಯ ಕಡೆ ತಿರುಗುತ್ತಾಳೆ. “ಅತ್ತೆ ಹೇಳಿದ್ದಾರಲ್ಲ” ಎಂದು ಮೆಲ್ಲಗೆ ಹೇಳಿ ನೆಕ್ಕುತ್ತಾಳೆ. ಅವಳ ನಾಲಿಗೆ ಒಪ್ಪುವವರೆಗೆ ಒಳಗೆ ದೇವರು ಕಾಯುತ್ತಾನೆ.