ಬಾಕಿ ಉಳಿದ ಒಂದು ಸುತ್ತು

ಗಾಡಿಯ ಕೀಯನ್ನು ನೇಹಾ ದೊಡ್ಡಪ್ಪನ ಕೈಯಿಂದ ಕಿತ್ತುಕೊಂಡೇ ಬಿಟ್ಟಳು.

"ಸುಮ್ನೆ ಕಾರಲ್ಲಿ ಕೂತ್ಕೋ ಮಗಳೇ," ಎಂದರು ಹರಿನಾರಾಯಣ. "ಅಪ್ಪನ ಚಟ್ಟ ಎತ್ತುವ ಹೊತ್ತಿಗೆ ನೀನು ಬೈಕ್ ಬಿಟ್ಕೊಂಡು ಹೋದ್ರೆ ಜನ ಎಂತ ಹೇಳಿಯಾರು?"

ಹರಿನಾರಾಯಣರು ಕಾಸರಗೋಡಿನ ನಿವೃತ್ತ ಸರ್ಕಾರಿ ವಕೀಲರು. ಜನ ಎಂತ ಹೇಳಿಯಾರು ಎಂಬುದೇ ಅವರ ಮೊದಲ ಪ್ರಶ್ನೆ, ಕೊನೆಯದೂ ಅದೇ. ತಮ್ಮ, ನೇಹಾಳ ಅಪ್ಪ ಶ್ರೀಪತಿ ಕೊಚ್ಚಿಯಲ್ಲಿ ಬೈಕ್ ಮೆಕ್ಯಾನಿಕ್ ಎನ್ನಲು ನಾಚಿ ಮೂವತ್ತು ವರ್ಷ "ಏನೋ ಕಂಪನಿಯಲ್ಲಿದ್ದಾನೆ" ಎನ್ನುತ್ತಲೇ ಬಂದಿದ್ದರು. ಇವತ್ತು ಆಲುವದ ಈ ಓಣಿಯ ಎರಡೂ ಬದಿ ಸಾಲುಗಟ್ಟಿದ್ದ ಬೈಕುಗಳನ್ನು ಕಂಡು ಅವರು ತಬ್ಬಿಬ್ಬಾಗಿದ್ದರು. ವಲ್ಲಾರ್ಪಾಡಂ ಬಂದರಿನ ಕಂಟೇನರ್ ಕೆಲಸದವರು, ಊಟ ತಲುಪಿಸುವ ಹೆಂಗಸರು, ಒಬ್ಬ ಪಾದ್ರಿ ಕೂಡ ಬಂದಿದ್ದರು.

ನೇಹಾ ಗಾಡಿಯ ಟ್ಯಾಂಕನ್ನು ತೋರಿಸಿದಳು. ಅಲ್ಲಿ ಸೀಮೆಸುಣ್ಣದಲ್ಲಿ ಅವಳ ಹೆಸರಿತ್ತು, ಪಕ್ಕದಲ್ಲಿ ಅಪ್ಪನ ಹೆಬ್ಬೆರಳಿನ ಗ್ರೀಸ್ ಗುರುತು.

"ಅದು ಅಳಿಸ್ಲಿಲ್ಲ ಸಾರ್," ಎಂದ ಮೋಹನ. ಕಲೂರಿನ ವರ್ಕ್‌ಶಾಪಿನಲ್ಲಿ ಇಪ್ಪತ್ತು ವರ್ಷ ಶ್ರೀಪತಿಯ ಜೊತೆ ದುಡಿದು ಅವರ ಕನ್ನಡವನ್ನೂ ಕಲಿತ ಮಲಯಾಳಿ ಅವನು; ಶ್ರೀಪತಿ ಅವನಿಗೆ ಆಶಾನ್, ಅಂದರೆ ಗುರು. "ಆಶಾನ್ ಗಾಡಿ ಎತ್ತರ ಸರಿ ಮಾಡಿದ್ರೆ ಓಡಿಸುವವರ ಹೆಸರು ಬರೀತಾರೆ. ಅವರು ಒಂದು ಸುತ್ತು ಹೋಗಿ ಬಂದು 'ಮಾತು ಕೇಳ್ತದೆ' ಹೇಳ್ಬೇಕು. ಮತ್ತೆಯೇ ಅಳಿಸುದು. ಅಲ್ಲಿವರೆಗೆ ಕೆಲಸ ಮುಗೀಲಿಲ್ಲ."

ನೇಹಾ ಆ ಸುತ್ತು ಹೋಗಿರಲಿಲ್ಲ. ಅಪ್ಪ ವಾರದಿಂದ ಕೇಳುತ್ತಿದ್ದರು, ಅವಳು ಹೆದರಿ ನಾಳೆ ನಾಳೆ ಎನ್ನುತ್ತಿದ್ದಳು. ನಿನ್ನೆ ಅಪ್ಪನ ಹೃದಯ ನಿಂತಿತು.

*

ಹೆದರಿಕೆಗೆ ಕಾರಣ ಒಂದೇ ಒಂದು ಮಾತು. ನೇಹಾ ಗಿಡ್ಡಿ, ಗಾಡಿ ಹತ್ತಿದರೆ ಕಾಲು ನೆಲಕ್ಕೆ ಎಟಕುತ್ತಿರಲಿಲ್ಲ. ಎರಡು ತಿಂಗಳ ಹಿಂದೆ ಅಪ್ಪ ಅದರ ಹಿಂಬದಿ ಇಳಿಸುತ್ತಿದ್ದಾಗ ಫೋನ್ ಬಂತು. ಸ್ಪ್ಯಾನರ್ ಹಿಡಿದಿದ್ದ ನೇಹಾ ಇನ್ನೂ ಇಳಿಸಲೇ ಎಂದು ಮಲಯಾಳದಲ್ಲಿ ಕೇಳಿದಳು. ಅಪ್ಪ ಫೋನ್ ಕಿವಿಯಿಂದ ತೆಗೆಯದೆ "ತಾಳು" ಎಂದರು. ಕೊಚ್ಚಿಯಲ್ಲೇ ಬೆಳೆದ ಮಗಳ ಕಿವಿಗೆ ಅದು ಮಲಯಾಳದ "ತಾಳ್ತ್" ಆಯಿತು. ಅಂದರೆ ಇಳಿಸು. ಅವಳು ಮತ್ತೂ ಇಳಿಸಿದಳು, ಇಳಿಸಿ ಹೇಳದೆ ಕೇಳದೆ ಹೊರಟೂಬಿಟ್ಟಳು. ಹಿಂದೆ ಕುಸಿದು ಮುಂದೆ ತಲೆಯೆತ್ತಿದ ಗಾಡಿ ಮೊದಲ ತಿರುವಿನಲ್ಲೇ ತಿರುಗಲು ಒಪ್ಪದೆ ರಸ್ತೆಯ ಹೊರಗೆ ಸರಿಯಿತು. ನೇಹಾ ಬಿದ್ದು ಮೊಣಕಾಲು ಒಡೆದುಕೊಂಡಳು.

ಅಪ್ಪ ಬಯ್ಯಲಿಲ್ಲ. "ನನ್ನ ಕನ್ನಡವೇ ನಿನ್ನನ್ನು ಬೀಳಿಸಿತಲ್ಲ ಮಾರಾಯ್ತಿ," ಎಂದು ನಕ್ಕರು. "ಹಿಂದೆ ಇಳಿಸಿದ್ರೆ ಮುಂದೆಯೂ ಅದಕ್ಕೆ ತಕ್ಕ ಹಾಗೆ ಇಳಿಸ್ಬೇಕು. ಇಲ್ಲದಿದ್ರೆ ಗಾಡಿ ಮಾತು ಕೇಳುದಿಲ್ಲ." ಮತ್ತೆ ಅವಳನ್ನು ಹತ್ತು ಸಲ ಕೂರಿಸಿ ಅಳೆದರು. ಗಾಡಿ ತಗ್ಗಿದ್ದಕ್ಕೆ ಸರಿಯಾಗಿ ಸ್ಟ್ಯಾಂಡನ್ನೂ ಕತ್ತರಿಸಿ ಗಿಡ್ಡ ಮಾಡಿದರು.

*

ತಾಯಿ ಶಾಂತಾ ಒಳಗಿನಿಂದ ಹೆಲ್ಮೆಟ್ ತಂದು ಮಗಳ ಕೈಗಿಟ್ಟರು. "ಹೋಗಿ ಬಾ. ಅವರು ಯಾವ ಕೆಲಸವನ್ನೂ ಅರ್ಧಕ್ಕೆ ಬಿಟ್ಟವರಲ್ಲ."

ಗಾಡಿ ಓಣಿ ದಾಟಿತು. ಸ್ಮಶಾನಕ್ಕೆ ಒಯ್ಯಲು ಬಂದ ವ್ಯಾನಿನವನು ಅವಸರ ಮಾಡಿದ. ನೆರೆಯ ನಾಲ್ವರು ಚಟ್ಟಕ್ಕೆ ಹೆಗಲು ಕೊಟ್ಟು ಎದ್ದು ನಿಂತರು. ಓಣಿಯ ತುದಿಯನ್ನೇ ನೋಡುತ್ತಿದ್ದ ಹರಿನಾರಾಯಣರು, ನೇಹಾ ಇನ್ನೂ ಬಾರದ್ದರಿಂದ, ಚಟ್ಟದ ಕಡೆ ಧಾವಿಸಿದರು. ನಲವತ್ತು ವರ್ಷ ಕೋರ್ಟಿನಲ್ಲಿ ಮಲಯಾಳದಲ್ಲಿ ವಾದಿಸಿದವರ ಬಾಯಿಂದ ಆ ಗಳಿಗೆ ಕನ್ನಡವೇ ಬಂತು.

"ತಾಳಿ, ತಾಳಿ."

ಕನ್ನಡ ತಿಳಿಯದ ನಾಲ್ವರೂ ಅದನ್ನು "ತಾಳ್ತ್" ಎಂದೇ ಕೇಳಿಸಿಕೊಂಡು ಚಟ್ಟವನ್ನು ಮೆಲ್ಲಗೆ ನೆಲಕ್ಕಿಳಿಸಿದರು. ಮೋಹನ ಅಳುತ್ತಲೇ ನಕ್ಕುಬಿಟ್ಟ.

ಅಷ್ಟರಲ್ಲಿ ಗಾಡಿ ಕಾಣಿಸಿತು. ಓಣಿಯ ತಿರುವಿನಲ್ಲಿ ಬಾಗಿ, ಅಂದುಕೊಂಡ ಜಾಗದಲ್ಲೇ ತಿರುಗಿ ನೇರವಾಯಿತು. ನೇಹಾ ಎರಡೂ ಪಾದಗಳನ್ನು ನೆಲಕ್ಕೂರಿ ನಿಲ್ಲಿಸಿದಳು. ಸ್ಟ್ಯಾಂಡ್ ಹಾಕಿ ಓಡಿ ಬಂದು ಅಪ್ಪನ ಕಿವಿಯ ಬಳಿ ಬಗ್ಗಿದಳು. ಯಾವಾಗಲೂ ಮಲಯಾಳದಲ್ಲೇ ಉತ್ತರ ಕೊಡುತ್ತಿದ್ದವಳು ಇವತ್ತು ಹಾಗೆ ಮಾಡಲಿಲ್ಲ.

"ಕೇಳ್ತದೆ ಅಪ್ಪ. ಮಾತು ಕೇಳ್ತದೆ."

ಪಾದ್ರಿ ಹರಿನಾರಾಯಣರ ಹತ್ತಿರ ಬಂದು ನೀವು ಯಾರು ಎಂದು ಮಲಯಾಳದಲ್ಲಿ ವಿಚಾರಿಸಿದರು.

"ಮೆಕ್ಯಾನಿಕ್ ಶ್ರೀಪತಿಯ ಅಣ್ಣ," ಎಂದರು ಹರಿನಾರಾಯಣ, ಎಲ್ಲರಿಗೂ ಕೇಳುವ ಹಾಗೆ. ಗಾಡಿಯ ಬಳಿ ಹೋಗಿ, ಹೆಗಲ ಮೇಲಿದ್ದ ಇಸ್ತ್ರಿ ಮಾಡಿದ ಬಿಳಿ ಶಾಲು ತೆಗೆದು ಟ್ಯಾಂಕಿನ ಮೇಲಿನ ಹೆಸರನ್ನು ನಿಧಾನವಾಗಿ ಒರೆಸಿದರು. ಶಾಲಿಗೆ ಗ್ರೀಸಿನ ಕಪ್ಪು ಹತ್ತಿತು. ಕಪ್ಪು ಹೊರಗೆ ಕಾಣುವಂತೆಯೇ ಅದನ್ನು ಹೆಗಲಿಗೆ ಹಾಕಿಕೊಂಡು, ಆ ಹೆಗಲನ್ನು ತಮ್ಮನ ಚಟ್ಟಕ್ಕೆ ಕೊಟ್ಟರು.